ಮುಚ್ಚಳದ ಹಾಲು

ಎಂಟು ದಿನಕ್ಕೊಮ್ಮೆ ಬರುವ ನಳ ಆ ರವಿವಾರ ಬೆಳಿಗ್ಗೆ ಆರಕ್ಕೇ ಬಂತು. ಅಡುಗೆಮನೆಯಿಂದ ಹೆಂಡತಿ ವೃಂದಾ ಕೂಗಿದಳು: "ಇವತ್ತ ಕೆರಿಗೆ ಮತ್ತ ಪುಡಿ ಸುರುವ್ಯಾರ ನೋಡ್ರಿ. ಈ ನೀರಿಲೆ ಚಹಾ ಮಾಡಿದ್ರ ಕುಡೀಲಿಕ್ಕೆ ಆಗೂದಿಲ್ಲ." ತುಂಬಿದ ಕೊಡ ಎತ್ತಲು ಬಾಗಿದ ವಿಜಯೀಂದ್ರ ಬಾಗಿದಂತೆಯೇ ನಿಂತುಬಿಟ್ಟ. ಬ್ಲೀಚಿಂಗ್ ಪುಡಿಯ ವಾಸನೆ ಹೊಸದೇನಲ್ಲ. ಪಂಚಾಯ್ತಿಯವರು ನೆನಪಾದಾಗ ಒಂದು ಚೀಲ ಕೆರೆಗೆ ಸುರಿಯುತ್ತಾರೆ, ಊರು ಎರಡು ದಿನ ಮೂಗು ಮುರಿಯುತ್ತದೆ, ಆಮೇಲೆ ಮರೆಯುತ್ತದೆ. ಆದರೆ ಇವತ್ತು ಆ ವಾಸನೆ ಕೊಡದಿಂದ ಬಂದಂತೆ ಅನಿಸಲಿಲ್ಲ. ಹದಿನೈದು ದಿನದ ಹಿಂದೆ, ಹಾಲಿನ ಸಂಘದ ಬಾಗಿಲು ಹಾಕಿದ ಕೋಣೆಯಲ್ಲಿ, ಹಾಲು ಹಾಕುವ ರಹೀಮಾಬಿ ತನ್ನ ಕ್ಯಾನಿನ ಮುಚ್ಚಳವನ್ನು ಅವನ ಕೈಲಿದ್ದ ಗಾಜಿನ ನಳಿಗೆಯ ಮೇಲೆ ಬಗ್ಗಿಸಿದಾಗ ಇದೇ ವಾಸನೆ ಬಂದಿತ್ತು. ಬಂದಿದ್ದು ಅವನಿಗೆ ಆಗಲೇ ಗೊತ್ತಾಗಿತ್ತು. ಆದರೆ ಅವನು ಅದನ್ನು ಪುಡಿಯದೆಂದು ತಿಳಿಯಲಿಲ್ಲ. ಇದು ಇವರ ಮನೆಯ ವಾಸನೆ ಎಂದುಕೊಂಡಿದ್ದ. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಕ್ಲೋರಿನ್ನಿನ ಪಾಠ ಬಂದಾಗಲೆಲ್ಲ ಸೀಸೆಯ ಬಿರಡೆ ತೆಗೆದು ಹುಡುಗರ ಮೂಗಿಗೆ ಹಿಡಿದವನು, ಒಬ್ಬ ಹೆಂಗಸಿನ ಮಗ್ಗುಲಲ್ಲಿ ನಿಂತಾಗ ಹಾಗೆ ಅಂದುಕೊಂಡಿದ್ದ. ಅಂದುಕೊಳ್ಳಲು ಒಂದು ಕ್ಷಣವೂ ಹಿಡಿದಿರಲಿಲ್ಲ.

"ಕೊಡಾ ತುಂಬಿ ಚೆಲ್ಲಿಕತ್ತದ, ಏನ್ ನೋಡ್ಕೋತ ನಿಂತೀರಿ?" ಎಂದಳು ವೃಂದಾ, ಬಾಗಿಲಿಗೆ ಬಂದು. ಅವನು ಕೊಡ ಬದಲಿಸಿದ. ಎಂಟು ಗಂಟೆಗೆ ಸಂಘದಲ್ಲಿ ಸಭೆ. ಕಾರ್ಯದರ್ಶಿ ಕುಬೇರಪ್ಪ ನಿನ್ನೆಯೇ ಫೋನು ಮಾಡಿ, "ಸರ್, ಬಿಳಿ ಅಂಗಿ ಹಾಕ್ಕೊಂಡ ಬರ್ರಿ, ಫೋಟೋ ತಗಸೂದೈತಿ" ಎಂದಿದ್ದ. ಸಭೆಯಲ್ಲಿ ಎರಡು ವಿಷಯ. ಒಂದು, ಹಾಲಿಗೆ ಔಷಧಿ ಬೆರೆಸುವವರನ್ನು ಹಿಡಿದುಕೊಟ್ಟ ವಿಜಯೀಂದ್ರ ಮಾಸ್ತರರಿಗೆ ಶಾಲು. ಇನ್ನೊಂದು, ಹಾಗೆ ಸಿಕ್ಕಿಬಿದ್ದ ಒಬ್ಬಳನ್ನು ಸಂಘದಿಂದ ತೆಗೆಯುವುದೋ, ಇಟ್ಟುಕೊಳ್ಳುವುದೋ. ಶಾಲು ಮೊದಲು, ರಹೀಮಾಬಿ ಆಮೇಲೆ ಎಂದು ಕುಬೇರಪ್ಪ ಹೇಳಿದ್ದಾಗ, ಬೇಡ, ಆಕೆಯದನ್ನು ಮೊದಲು ಮುಗಿಸೋಣ ಎಂದು ಇವನೇ ಹೇಳಿದ್ದ. ದೊಡ್ಡ ಮನಸ್ಸಿನಿಂದೇನೂ ಅಲ್ಲ. ಶಾಲು ಹೊದ್ದು ಕೂತು ಆಕೆಯ ಮುಖ ನೋಡುವುದು ಅವನಿಂದಾಗುತ್ತಿರಲಿಲ್ಲ.

ಇದೆಲ್ಲ ಶುರುವಾಗಿದ್ದು ಮಾರ್ಚ್ ತಿಂಗಳ ಬಿಸಿಲಿನಲ್ಲಿ. ಕರಿಮಣ್ಣಿನ ಹೊಲಗಳೆಲ್ಲ ಅಂಗೈ ಹೋಗುವಷ್ಟು ಬಿರಿದು, ಮೊರಬದ ಕಡೆಯಿಂದ ಬರುವ ಗಾಳಿಗೆ ಹಾಲು ತೂಕದ ಕಟ್ಟೆಗೆ ಬರುವ ಮೊದಲೇ ಹುಳಿಯಾಗುತ್ತಿತ್ತು. ಅದೇ ಹೊತ್ತಿಗೆ ಶೀತಲ ಕೇಂದ್ರದಿಂದ ಮೂರು ಸಲ ಇಡೀ ಊರಿನ ಹಾಲು ತಿರುಗಿ ಬಂತು. ಹಾಲು ಒಡೆಯದಿರಲೆಂದು ಯಾರೋ ಪೆರಾಕ್ಸೈಡ್ ಹಾಕುತ್ತಿದ್ದಾರೆ ಎಂದು ಬರೆದು ಕಳಿಸಿದ್ದರು. ಯಾರೆಂದು ಹೇಳುವುದು ಅವರ ಕೆಲಸವಲ್ಲ. ಹಾಲು ಹಾಕುವವರು ಹನ್ನೊಂದು ಮಂದಿ ಹೆಂಗಸರು, ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದ್ದರು. ಕುಬೇರಪ್ಪ ಶಾಲೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತಾಗ ವಿಜಯೀಂದ್ರನಿಗೆ ಕಪಾಟಿನ ಮೂಲೆಯಲ್ಲಿದ್ದ ಸಣ್ಣ ಸೀಸೆ ನೆನಪಾಯಿತು. ಲ್ಯೂಮಿನಾಲ್. ಎರಡು ವರ್ಷದ ಹಿಂದೆ ವಿಜ್ಞಾನ ಪ್ರದರ್ಶನಕ್ಕೆಂದು ಹುಬ್ಬಳ್ಳಿಯಿಂದ ತರಿಸಿದ್ದ ಹಳದಿ ಪುಡಿ. ಅದನ್ನು ವಾಷಿಂಗ್ ಸೋಡಾದ ನೀರಿನಲ್ಲಿ ಕರಗಿಸಿ, ಹೊಲಕ್ಕೆ ಹೊಡೆಯುವ ಮೈಲುತುತ್ತು ಒಂದು ಚಿಟಿಕೆ ಹಾಕಿ, ಪೆರಾಕ್ಸೈಡ್ ಇರುವ ಯಾವುದಕ್ಕೆ ಬೆರೆಸಿದರೂ ಬೆಂಕಿಯಿಲ್ಲ, ಬಿಸಿಯಿಲ್ಲ, ನೀಲಿ ಬೆಳಕು ಬರುತ್ತದೆ. ಪೆರಾಕ್ಸೈಡನ್ನು ಕಂಡುಹಿಡಿಯಲು ಇದಕ್ಕಿಂತ ಸರಳವಾದ ದಾರಿಗಳಿದ್ದವು, ಅವನಿಗೆ ಗೊತ್ತಿತ್ತು. ಆದರೆ ಆ ದಾರಿಗಳಲ್ಲಿ ಬೆಳಕಿರಲಿಲ್ಲ. ಅವನಿಗೆ ಜನ ಬಾಯಿಬಿಟ್ಟು ನೋಡುವುದು ಬೇಕಾಗಿತ್ತು. ಹತ್ತೊಂಬತ್ತು ವರ್ಷ ಒಂದೇ ಹಲಗೆಯ ಮೇಲೆ ಒಂದೇ ಸೂತ್ರ ಬರೆದು ಅಳಿಸಿದವನಿಗೆ ಅಷ್ಟೂ ಆಸೆ ಇರಬಾರದೇ ಎಂದು ಈಗ ತನ್ನನ್ನು ತಾನೇ ಕೇಳಿಕೊಂಡ. ಕೇಳಿಕೊಂಡ ರೀತಿ ಹಸಿ ಸುಳ್ಳಿನಂತಿತ್ತು.

ಸಂಘದ ಕಿಟಕಿಗೆ ಕುಬೇರಪ್ಪ ತನ್ನ ಮನೆಯ ನವಲಗುಂದದ ಜಮಖಾನ ತಂದು ಕಟ್ಟಿದ್ದ, ಮಗಳ ಮದುವೆಗೆ ತೆಗೆಸಿದ್ದು, ನವಿಲಿನ ಚಿತ್ರದ್ದು. ಬಾಗಿಲು ಮುಚ್ಚಿದರೆ ಬೆಳಿಗ್ಗೆ ಏಳಕ್ಕೂ ಕೋಣೆ ಬಾವಿಯಷ್ಟು ಕತ್ತಲೆ. ಹೆಂಗಸರು ಸಾಲಾಗಿ ನಿಂತು ಕಿಸಕ್ಕನೆ ನಗುತ್ತಿದ್ದರು. ವಿಜಯೀಂದ್ರ ಮೊದಲು ಮನೆಯಿಂದ ತಂದ ಹಾಲಿಗೆ ತಾನೇ ನಾಲ್ಕು ಹನಿ ಪೆರಾಕ್ಸೈಡ್ ಹಾಕಿ ತೋರಿಸಿದ. ನೀಲಿ ಬೆಳಕು ಎದ್ದು, ಹಾಲಿನ ತುಂಬ ಹರಡಿ, ನೂರು ಎಣಿಸುವವರೆಗೂ ನಿಂತಿತ್ತು. ನಗು ನಿಂತಿತು. ಯಾರೋ "ಯವ್ವಾ" ಎಂದರು. ಆ ಒಂದು ಉದ್ಗಾರಕ್ಕೆ ತನ್ನ ಮೈ ಹೇಗೆ ಉಬ್ಬಿತ್ತು ಎಂಬುದು ನೆನಪಾಗಿ ಅವನಿಗೀಗ ನಾಚಿಕೆಯಾಯಿತು. ಆಮೇಲೆ ಒಬ್ಬೊಬ್ಬರದೇ ಕ್ಯಾನು. ಅವನು ಉದ್ದನೆಯ ಗಾಜಿನ ಕೊಳವೆಯಾದ ಪಿಪೆಟ್ಟನ್ನು ಕ್ಯಾನಿನಲ್ಲಿ ಅದ್ದಿ, ಹಾಲು ಎಳೆದು, ನಳಿಗೆಗೆ ಬಿಟ್ಟು, ಮೇಲೆ ಪರೀಕ್ಷೆಯ ಔಷಧ, ಆ ಲ್ಯೂಮಿನಾಲಿನ ನೀರು, ಹಾಕುವುದು. ಕತ್ತಲೆ. ಮತ್ತೆ ಪಿಪೆಟ್ಟು ತೊಳೆದು ಮುಂದಿನ ಕ್ಯಾನು. ಮತ್ತೆ ಕತ್ತಲೆ. "ಬರ್ರಿ ಸುಶೀಲವ್ವಾರ, ಮುಂದ ಬರ್ರಿ" ಎಂದು ಏಳನೆಯವರನ್ನು ಕರೆದ. ಎಂಟನೆಯವಳು ರಹೀಮಾಬಿ. "ಬಾ" ಎಂದ. ಆಕೆ ಕ್ಯಾನಿನ ಬಾಯಿ ತೆರೆದು ಮುಂದೆ ಹಿಡಿದಳು. ಅವನ ಕೈಯಲ್ಲಿದ್ದ ಪಿಪೆಟ್ಟು ಕೆಳಗಿಳಿಯಲಿಲ್ಲ. "ಮುಚ್ಚಳದಾಗ ಸ್ವಲ್ಪ ಹಾಕಿ ಇದರಾಗ ಸುರುವು" ಎಂದು ನಳಿಗೆಯನ್ನು ಚಾಚಿದ. ಆಕೆ ಹಾಗೇ ಮಾಡಿದಳು. ಔಷಧ ಬಿದ್ದ ತಕ್ಷಣ ಭಗ್ಗನೆ ನೀಲಿ ಹತ್ತಿತು. ಒಂದು, ಎರಡು, ಮೂರು ಎಣಿಸುವುದರೊಳಗೆ ಆರಿಯೂ ಹೋಯಿತು. ಆದರೆ ಅಷ್ಟರೊಳಗೆ ಎಲ್ಲರೂ ನೋಡಿದ್ದರು. ಆ ಬೆಳಕಿನಲ್ಲಿ ಆಕೆಯ ಮುಖವೂ ಕಂಡಿತ್ತು. ಹೆದರಿಕೆಯಿರಲಿಲ್ಲ, ಅಷ್ಟು ಚಂದದ ಬೆಳಕು ತನ್ನ ಹಾಲಿನಿಂದ ಬಂದಿದ್ದಕ್ಕೆ ಇನ್ನೇನು ನಗುವವಳಿದ್ದಳು.

ಉಳಿದ ಮೂವರ ಹಾಲನ್ನು ಅವನು ಮತ್ತೆ ಪಿಪೆಟ್ಟು ಅದ್ದಿಯೇ ತೆಗೆದಿದ್ದ.

ಅವನು ಸಣ್ಣವನಿದ್ದಾಗ ಅಣ್ಣಿಗೇರಿಯ ಮನೆಯ ಹಿತ್ತಲ ಬಾಗಿಲಿಗೆ ಅಮೀರಬಿ ಎಂಬುವಳು ಬೆಣ್ಣೆ ತರುತ್ತಿದ್ದಳು. ತಾಯಿ ಭೀಮಾಬಾಯಿ ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು, ಅಮೀರಬಿ ಮೇಲಿನಿಂದ ಬೆಣ್ಣೆಯ ಮುದ್ದೆಯನ್ನು ನೀರಿಗೆ ಬೀಳಿಸುತ್ತಿದ್ದಳು, ಪಾತ್ರೆಗೆ ಪಾತ್ರೆ ತಾಗದಂತೆ. ತಾಗಿದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಇಬ್ಬರೂ ಅಷ್ಟು ಹೊತ್ತೂ ಮಕ್ಕಳ ಕೆಮ್ಮು, ಮಳೆ, ಹತ್ತಿಯ ಮಾತಾಡುತ್ತಿದ್ದರು, ಅಗದಿ ಅಕ್ಕತಂಗಿಯರಂತೆ. ಒಮ್ಮೆ ಆರು ವರ್ಷದ ವಿಜಯೀಂದ್ರ ಓಡಿಹೋಗಿ ಅಮೀರಬಿಯ ಗಡಿಗೆಯೊಳಗೇ ಕೈಹಾಕಿ ಬೆಣ್ಣೆ ತೆಗೆದಿದ್ದ. ತಾಯಿ ಬೈಯಲಿಲ್ಲ. ನಗುತ್ತಲೇ ಅವನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆಯ ಮೇಲೆ ತಣ್ಣೀರು ಸುರಿದಿದ್ದಳು. ಆ ನಗುವಿನಿಂದಾಗಿಯೇ ಅವನಿಗೆ ಅದು ಆಟವೆನಿಸಿತ್ತು. ದೊಡ್ಡವನಾದ ಮೇಲೆ ಅವನು ಅದನ್ನೆಲ್ಲ ಬಿಟ್ಟ. ಶಾಲೆಯಲ್ಲಿ ಮಲಿಕಸಾಬ ಮಾಸ್ತರರ ಡಬ್ಬಿಯಿಂದ ರೊಟ್ಟಿ ಮುರಿದು ತಿಂದ, ಮನೆಗೆ ಬಂದು ಅದನ್ನು ಎಲ್ಲರ ಮುಂದೆ ಹೇಳಿದ, ಭಾಷಣದಲ್ಲೂ ಹೇಳಿದ. ಹೇಳಿದ್ದೇ ಹೆಚ್ಚಾಯಿತೇನೋ. ಬಿಟ್ಟವನು ಅಷ್ಟು ಸಲ ಹೇಳಿಕೊಳ್ಳುವುದಿಲ್ಲ. ಕತ್ತಲೆಯಲ್ಲಿ, ಯಾರೂ ನೋಡದಾಗ, ಯೋಚನೆಗಿಂತ ಮೊದಲು ಕೈ ತಾಯಿಯ ಕೈಯಾಗಿತ್ತು. ಪಿಪೆಟ್ಟು ಕೆಡುತ್ತದೆ, ತೊಳೆಯಲು ನೀರಿಲ್ಲ, ಹೊತ್ತಾಯಿತು ಎಂದು ಆಮೇಲೆ ತನಗೆ ತಾನು ಹೇಳಿಕೊಂಡ ಸಬೂಬುಗಳೆಲ್ಲ ಈಗ ಒಂದೊಂದಾಗಿ ಎದುರಿಗೆ ಬಂದು ನಿಂತವು. ಮುಂದಿನ ಮೂವರಿಗೆ ನೀರು ಎಲ್ಲಿಂದ ಬಂತು ಎಂದು ಕೇಳಿದವು.

ಚಹಾ ಕುಡಿಯದೆ ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಬೆಳಕಿಂಡಿಗೆ ಪಂಚೆ ತುರುಕಿದ. ಪಂಚಾಯ್ತಿಯವರು ಮನೆಮನೆಗೆ ಹಂಚಿದ ಬ್ಲೀಚಿಂಗ್ ಪುಡಿಯ ಪೊಟ್ಟಣ ಮೂಲೆಯಲ್ಲೇ ಇತ್ತು. ಚಿಟಿಕೆ ಪುಡಿಯನ್ನು ಒಂದು ಲೋಟದ ತಳದಲ್ಲಿ ಕಲಸಿ, ಮೇಲೆ ನಾಲ್ಕು ಹನಿ ಹಾಲು ಬಿಟ್ಟು, ಸಭೆಗೆಂದು ಕಲಸಿಟ್ಟಿದ್ದ ಸೀಸೆಯ ಔಷಧ ಸುರಿದ. ಭಗ್ಗನೆ ನೀಲಿ. ಒಂದು, ಎರಡು, ಮೂರು. ಕತ್ತಲೆ. ಪೆರಾಕ್ಸೈಡಿನ ಬೆಳಕು ಹೀಗೆ ಓಡಿಹೋಗುವುದಿಲ್ಲ, ನಿಲ್ಲುತ್ತದೆ. ಅವತ್ತೇ ಅದು ಅವನ ಕಣ್ಣಿಗೆ ಬಿದ್ದಿತ್ತು. ಏಕೆ ಇಷ್ಟು ಬೇಗ ಆರಿತು ಎಂಬ ಪ್ರಶ್ನೆ ಎದ್ದಿತ್ತು ಕೂಡ, ಆದರೆ ಕುಬೇರಪ್ಪ ಅಷ್ಟರಲ್ಲಿ "ಸಿಕ್ಕಳ ನೋಡ್ರಿ!" ಎಂದು ಕೂಗಿ ಬಾಗಿಲು ತೆರೆದಿದ್ದ, ಹೊರಗಿನ ಬಿಸಿಲು ಒಳಗೆ ನುಗ್ಗಿತ್ತು, ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಅಷ್ಟು ಜನ ಮೆಚ್ಚಿ ನೋಡುತ್ತಿರುವಾಗ ಒಂದು ಪ್ರಶ್ನೆಯನ್ನು ನುಂಗುವುದು ಏನು ಮಹಾ ಕೆಲಸ. ಅವನು ಬಚ್ಚಲ ಕಲ್ಲಿನ ಮೇಲೆ ಕುಕ್ಕರಿಸಿದ. ಪುಡಿ ಆಕೆಯ ಮುಚ್ಚಳಕ್ಕೆ ಎಲ್ಲಿಂದ ಬಂತು ಎನ್ನುವುದನ್ನು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಫೆಬ್ರುವರಿಯಲ್ಲಿ ಇದೇ ಹನ್ನೊಂದು ಹೆಂಗಸರಿಗೆ ಸ್ವಚ್ಛ ಹಾಲಿನ ಬಗ್ಗೆ ಒಂದು ತಾಸು ಮಾತಾಡಿ, ತಲಾ ಒಂದು ಪೊಟ್ಟಣ ಪುಡಿ ಹಂಚಿ, "ರೋಗ ಎಲ್ಲಾ ಮುಚ್ಚಳದ ರಬ್ಬರಿನ ಸಂದಿಯೊಳಗ ಕೂತಿರ್ತದ, ಅಲ್ಲೆ ಪುಡಿ ಹಾಕಿ ತಿಕ್ಕ್ರಿ" ಎಂದು ಹೇಳಿದ್ದವನು ಅವನೇ. ತಿಕ್ಕಿದ ಮೇಲೆ ಚೆನ್ನಾಗಿ ತೊಳೆಯಿರಿ ಎಂದೂ ಹೇಳಿದ್ದ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಚೆನ್ನಾಗಿ ತೊಳೆಯುವುದು ಹೇಗೆಂದು ಹೇಳಿರಲಿಲ್ಲ.

ಮೊನ್ನೆ ಶುಕ್ರವಾರ ರಹೀಮಾಬಿ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದಳು. ಬಿಡುವಿನ ಹೊತ್ತು. ಎಂಟನೆಯ ಇಯತ್ತೆಯ ಇಬ್ಬರು ಹುಡುಗಿಯರು ಆಕೆಯನ್ನು ನೋಡಿ "ಲೈಟಿನ ರಹೀಮಾಬಿ ಬಂದ್ಲು" ಎಂದು ಓಡಿಹೋದರು. ಸಂಘದವರು ಸದ್ಯಕ್ಕೆ ತನ್ನ ಹಾಲು ನಿಲ್ಲಿಸಿದ ಮೇಲೆ ಆಕೆ ಹಾಲನ್ನು ಮನೆಮನೆಗೆ ಹೊತ್ತು ತಿರುಗುತ್ತಿದ್ದಳಂತೆ, ಒಂದು ಮನೆಯೂ ತೆಗೆದುಕೊಳ್ಳಲಿಲ್ಲವಂತೆ. "ಎರಡ ಎಮ್ಮಿ ಕಟ್ಟೇನ್ರಿ ಸರ್. ಹಿಂಡದಿದ್ರ ಕೆಚ್ಚಲ ಬೀಗ್ತಾವ, ಹಿಂಡಿದ್ರ ಕುಡಿಯವ್ರಿಲ್ಲ" ಎಂದಳು. ದನಿಯಲ್ಲಿ ಅಳುವಿರಲಿಲ್ಲ, ಲೆಕ್ಕ ತಪ್ಪಿದವರ ಗೊಂದಲವಿತ್ತು. "ನಾ ಏನೂ ಹಾಕಿಲ್ರಿ. ನೀವ ಹೇಳಿದಂಗ ದಿನಾ ಪುಡಿ ಹಾಕಿ ತಿಕ್ಕಿ ತೊಳೀತೇನ್ರಿ, ಇಷ್ಟ ಸ್ವಚ್ಛ ಇಟ್ರೂ ಅದ್ಹೆಂಗ ಹತ್ತಿತು ನನಗ ತಿಳೀವಲ್ದು. ನೀವ ಇನ್ನೊಮ್ಮೆ ನೋಡ್ರಿ. ನಿಮ್ಮ ಕೈಲೆ ನೋಡ್ರಿ, ಬ್ಯಾರೆಯವ್ರ ಬ್ಯಾಡ." ಅವನು ಗಡಿಯಾರ ನೋಡಿಕೊಂಡು ಆಗಲಿ, ರವಿವಾರ ಹಾಲು ತಗೊಂಡು ಬಾ ಎಂದಿದ್ದ. ಪುಡಿ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಹೋಗುವಾಗ ಆಕೆ ಕೈಮುಗಿದಿದ್ದಳು. ತಪ್ಪು ಮಾಡಿದವಳಿಗೆ ಇನ್ನೊಂದು ಅವಕಾಶ ಕೊಟ್ಟೆ ಎಂದು ಅವನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಇದ್ದ.

ದಾರಿಯಲ್ಲಿ ಸುಶೀಲವ್ವ ಸಿಕ್ಕಳು, ಟೊಂಕದಲ್ಲಿ ಕ್ಯಾನು ಇಟ್ಟುಕೊಂಡು. ಅವನ ಮನೆಗೂ ಆಕೆಯೇ ಹಾಲು ಕೊಡುವುದು. ಕ್ಯಾನು ಹೇಗೆ ತೊಳೆಯುತ್ತೀರಿ ಎಂದು ಕೇಳಿದ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ ಸರ್, ಬೂದಿ ಹಾಕೇ ತೊಳಿಯೂದು. ನೀವ ಕೊಟ್ಟ ಪುಡಿ ನಾವೆಲ್ಲಾ ಬಚ್ಚಲಕ್ಕ ಹಾಕಿದ್ವಿ. ಆಕಿ ಒಬ್ಬಾಕಿ, ರಹೀಮಾಬಿ, ಸರ್ ಹೇಳ್ಯಾರ ಸರ್ ಹೇಳ್ಯಾರ ಅಂತ ದಿನಾ ಮುಚ್ಚಳಾ ತಿಕ್ಕೊಂಡ ಕೂಡ್ತಿದ್ಲು. ಇಷ್ಟೆಲ್ಲಾ ತಿಕ್ಕಿ ಒಳಗ ಔಷಧಿ ಹಾಕಿದ್ಲಲ್ಲ, ಅದಕ್ಕ ಏನಂತೀರಿ?" ಬೆಳಕು ಔಷಧಿಯದಲ್ಲ, ಪುಡಿಯದು ಎನ್ನಬೇಕಾಗಿತ್ತು. ಇಲ್ಲಿ ಯಾಕೆ, ಸಭೆಯಲ್ಲೇ ಹೇಳಿದರಾಯಿತು ಎಂದುಕೊಂಡ. ನಡೆಯುತ್ತ ನಡೆಯುತ್ತ ಆ ಮಾತು ಬೇರೆ ರೂಪ ತಾಳಿತು. ಎಲ್ಲವನ್ನೂ ಹೇಳುವುದು ಯಾಕೆ? ಇವತ್ತು ಪಿಪೆಟ್ಟನ್ನು ಆಕೆಯ ಕ್ಯಾನಿನಲ್ಲೇ ಅದ್ದಿದರಾಯಿತು. ಬೆಳಕು ಬರುವುದಿಲ್ಲ. ಆಕೆ ಮತ್ತೆ ಸಂಘಕ್ಕೆ ಸೇರುತ್ತಾಳೆ. ಯಾರಿಗೂ ನಷ್ಟವಿಲ್ಲ. ಅವಳಿಗೆ ಬೇಕಾದದ್ದು ಹಾಲು ಹಾಕುವುದು, ಅದು ಸಿಗುತ್ತದೆ. ತಾನು ಮುಚ್ಚಳದಿಂದ ಸುರಿಸಿಕೊಂಡ ಮಾತನ್ನು ಅಷ್ಟು ಮಂದಿಯ ಮುಂದೆ ಹರವುವುದರಿಂದ ಆಕೆಗೆ ಹೆಚ್ಚೇನು ಬಂತು? ಈ ಯೋಚನೆ ಬಂದಾಗ ಅವನಿಗೆ ಎಷ್ಟು ಹಗುರಾಯಿತೆಂದರೆ, ಎದುರಿಗೆ ಬಂದ ಟ್ರ್ಯಾಕ್ಟರಿನವನಿಗೆ ತಾನಾಗಿಯೇ ಕೈಯೆತ್ತಿ ನಮಸ್ಕಾರ ಮಾಡಿದ.

ಸಂಘದ ಕೋಣೆಯಲ್ಲಿ ಹತ್ತು ಹೆಂಗಸರು, ಆಡಳಿತ ಮಂಡಳಿಯ ನಾಲ್ಕು ಗಂಡಸರು. ಕಿಟಕಿಗೆ ಅದೇ ನವಿಲಿನ ಜಮಖಾನ. ರಹೀಮಾಬಿ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕ್ಯಾನು ಇಟ್ಟುಕೊಂಡು ಕೂತಿದ್ದಳು, ಕರೆಯುವವರೆಗೆ ಒಳಗೆ ಬರಬೇಡ ಎಂದು ಯಾರೋ ಹೇಳಿರಬೇಕು. ಕುಬೇರಪ್ಪ ಎದ್ದು ಮಾತಾಡಿದ. ಅವತ್ತಿನಿಂದ ಇವತ್ತಿನವರೆಗೆ ಒಂದು ದಿನವೂ ಹಾಲು ತಿರುಗಿ ಬಂದಿಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು ಎಂದ. ಆ ನಡುವೆ ಎರಡು ಅಡ್ಡಮಳೆ ಬಿದ್ದು ಹವೆ ತಂಪಾಗಿದ್ದು, ಹಾಲು ಹುಳಿಯಾಗದಿದ್ದರೆ ಔಷಧಿ ಹಾಕುವ ಅಗತ್ಯವೇ ಯಾರಿಗೂ ಇಲ್ಲದ್ದು ವಿಜಯೀಂದ್ರನಿಗೆ ಗೊತ್ತಿತ್ತು. ಔಷಧಿ ಹಾಕಿದವರು ಈ ಕೋಣೆಯೊಳಗೇ ತಲೆಯಾಡಿಸುತ್ತ ಕೂತಿರಬಹುದು. ಅವನೂ ತಲೆಯಾಡಿಸಿದ.

"ಬಾರವಾ ಒಳಗ" ಎಂದ ಕುಬೇರಪ್ಪ. ಬಾಗಿಲು ಹಾಕಿದರು. ಕತ್ತಲೆಯಲ್ಲಿ ಕ್ಯಾನಿನ ಬಾಯಿ ತೆರೆದ ಸಪ್ಪಳ, ಮತ್ತೆ ಆ ವಾಸನೆ. ಇಂದಿಗೂ ಆಕೆ ಪುಡಿ ಹಾಕಿಯೇ ತಿಕ್ಕಿ ಬಂದಿದ್ದಳು. ಅವನು ಪಿಪೆಟ್ಟನ್ನು ಎತ್ತಿದ. ಕೈ ಒಂದು ಕ್ಷಣ ನಿಂತಿತು. ಗೊತ್ತಿದ್ದೂ, ಇಷ್ಟೆಲ್ಲ ಆದ ಮೇಲೂ ನಿಂತಿತು. ಆ ಕ್ಷಣವನ್ನು ಅವನು ಜೀವ ಇರುವವರೆಗೆ ಮರೆಯುವಂತಿಲ್ಲ. ಆಮೇಲೆ ಅದ್ದಿದ. ಗಾಜಿನ ತುದಿ ಆಕೆಯ ಹಾಲಿಗಿಳಿಯಿತು, ಏನೂ ಆಗಲಿಲ್ಲ, ಸುಶೀಲವ್ವನ ಹಾಲಿಗೆ ಇಳಿದಂತೆಯೇ ಇಳಿಯಿತು. ನಳಿಗೆಗೆ ಬಿಟ್ಟು ಔಷಧ ಹಾಕಿದ. ಕತ್ತಲೆ ಕತ್ತಲೆಯಾಗಿಯೇ ಉಳಿಯಿತು. ಯಾರೋ ಉಸಿರು ಬಿಟ್ಟರು. ಬಾಗಿಲು ತೆರೆದಾಗ ರಹೀಮಾಬಿಯ ಕಣ್ಣು ಅವನ ಮೇಲಿತ್ತು, ಈಗ ನೀವು ಮಾತಾಡುತ್ತೀರಿ ಎಂಬ ನಂಬಿಕೆಯಿಂದ.

ಮಾತಾಡಿದವನು ಕುಬೇರಪ್ಪ. "ನೋಡ್ರೆವಾ, ಸರ್ ಪರೀಕ್ಷಾಕ್ಕ ಅಂಜಿ ಹೆಂಗ ಹಾದಿಗಿ ಬಂದಾಳ! ಒಮ್ಮೆ ಸಿಕ್ಕ ಮ್ಯಾಲೆ ಬುದ್ಧಿ ಬಂತು. ಇರ್ಲಿ, ಬಡವರು, ಕ್ಷಮಾ ಮಾಡೂಣು. ನಾಳಿಯಿಂದ ಹಾಲ ತಗೊಂಬಾರವಾ." ಹೆಂಗಸರು ಹೌದ್ಹೌದು ಎಂದರು. ವಿಜಯೀಂದ್ರ ಪಿಪೆಟ್ಟು ಒರೆಸುತ್ತಿದ್ದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

"ಸರ್, ಒಂದ ಮಾತ ಕೇಳ್ಲಿರಿ?" ಎಂದಳು ರಹೀಮಾಬಿ. "ಅವತ್ತ ಎಲ್ಲಾರ ಕ್ಯಾನಿನಾಗ ನೀವ ಕೊಳವಿ ಅದ್ದಿದ್ರಿ. ನನಗೊಬ್ಬಾಕಿಗೆ ಮುಚ್ಚಳದಾಗ ಹಾಕು ಅಂದ್ರಿ. ಇವತ್ತ ನನ್ನ ಕ್ಯಾನಿನಾಗೂ ಅದ್ದಿದ್ರಿ. ಯಾಕ್ರಿ?"

ಅವಳಿಗೆ ಅದು ಅವತ್ತೇ ಗೊತ್ತಾಗಿತ್ತು. ಗೊತ್ತಾಗದೆ ಇರುತ್ತದೆಯೇ? ಅಮೀರಬಿಗೂ ಗೊತ್ತಿತ್ತು, ಮಕ್ಕಳ ಕೆಮ್ಮಿನ ಮಾತಾಡುತ್ತಲೇ ಗೊತ್ತಿತ್ತು. ತನ್ನ ತಾಯಿ ಮತ್ತು ತಾನು ಮಾತ್ರ ಅದು ಯಾರಿಗೂ ಕಾಣುವುದಿಲ್ಲವೆಂದು ತಿಳಿದಿದ್ದು. "ಎರಡೂ ಒಂದ. ಹಾಲು ಹಾಲೇ ಅಲ್ಲೇನು" ಎಂದ ವಿಜಯೀಂದ್ರ.

"ಒಂದ ಆದ್ರ ಮುಚ್ಚಳದಾಗಿಂದೂ ನೋಡ್ರಿ." ಆಕೆ ಮುಚ್ಚಳದಲ್ಲಿ ಒಂದಿಷ್ಟು ಹಾಲು ಹಾಕಿ ಮುಂದೆ ಹಿಡಿದಳು. ರಬ್ಬರಿನ ಸಂದಿಯಲ್ಲಿ ಬಿಳಿ ಗೆರೆ ಅವನಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಬಾಗಿಲು ಹಾಕಿ ನಾಲ್ಕು ಹನಿ ಬಿಟ್ಟರೆ ಸಾಕು. ಬೆಳಕು ಬರುತ್ತದೆ, ಆಮೇಲೆ ಎಲ್ಲವನ್ನೂ ಹೇಳಲೇಬೇಕಾಗುತ್ತದೆ: ಬೆಳಕು ಹಾಲಿನದಲ್ಲ, ಪುಡಿಯದು, ಪುಡಿ ನಾನು ಕೊಟ್ಟದ್ದು, ನಿಮ್ಮೆಲ್ಲರಲ್ಲಿ ನನ್ನ ಮಾತು ಕೇಳಿದವಳು ಇವಳೊಬ್ಬಳೇ, ಮುಚ್ಚಳದಿಂದ ಸುರಿಸಿಕೊಂಡದ್ದು ಯಾಕೆಂದರೆ. ಅಲ್ಲಿಗೆ ಬಂದು ವಾಕ್ಯ ನಿಂತುಬಿಡುತ್ತಿತ್ತು. ಉಳಿದದ್ದನ್ನೆಲ್ಲ ಹೇಳಬಹುದಿತ್ತು, ತಪ್ಪು ಯಾರಿಗಾಗುವುದಿಲ್ಲ, ವಿಜ್ಞಾನವೆಂದರೆ ತಪ್ಪು ತಿದ್ದಿಕೊಳ್ಳುವುದು ಎಂದು ಅದರಿಂದಲೇ ಇನ್ನೊಂದು ಚಪ್ಪಾಳೆ ಗಿಟ್ಟಿಸಬಹುದಿತ್ತು. ಆ ಒಂದು ಯಾಕೆ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಕುಬೇರಪ್ಪನ ಕೈಯಲ್ಲಿ ಶಾಲಿನ ಪೊಟ್ಟಣ ಆಗಲೇ ಬಿಚ್ಚಿತ್ತು.

"ಔಷಧ ಮುಗದದ" ಎಂದ ವಿಜಯೀಂದ್ರ.

ಸೀಸೆ ಅವನ ಎಡಗೈಯಲ್ಲೇ ಇತ್ತು, ಅರ್ಧ ತುಂಬಿತ್ತು. ರಹೀಮಾಬಿ ಅದನ್ನು ನೋಡಿದಳು. ಮತ್ತೆ ಅವನ ಮುಖ ನೋಡಿದಳು. ಶಾಲೆಯ ಗೇಟಿನಲ್ಲಿ ಇದ್ದ ಗೊಂದಲ ಈಗ ಆಕೆಯ ಮುಖದಲ್ಲಿ ಇರಲಿಲ್ಲ. ತಾಳೆಯಾಗದೆ ಉಳಿದಿದ್ದ ಲೆಕ್ಕ ಸರಿಹೋದಂತಿತ್ತು. ಮುಚ್ಚಳದಲ್ಲಿದ್ದ ಹಾಲನ್ನು ಚೆಲ್ಲದೆ, ಅದನ್ನು ಹಾಗೇ ಮೇಜಿನ ಮೇಲೆ, ಅವನ ನಳಿಗೆಗಳ ಬಾಜೂಕ್ಕೆ ಇಟ್ಟಳು. "ಮುಗದಿದ್ರ ಮುಗೀತ್ ಬಿಡ್ರಿ" ಎಂದಳು.

"ನಾಳಿಯಿಂದ ಬರ್ತೀ ಹೌದಿಲ್ಲೋ?" ಎಂದ ಕುಬೇರಪ್ಪ.

"ಒಲ್ಲೆರಿ." ಬಾಯಿ ತೆರೆದ ಕ್ಯಾನನ್ನು ಎತ್ತಿ ಟೊಂಕಕ್ಕೆ ಇಟ್ಟುಕೊಂಡು ಹೊರಟಳು. ಹೊಸ್ತಿಲು ದಾಟುವಾಗ ಹಾಲು ತುಳುಕಿ ಕಟ್ಟೆಯ ಮೇಲೆ ಬಿತ್ತು. "ಸೊಕ್ಕ ನೋಡ್ರಿ ಆಕಿದು, ಕ್ಷಮಾ ಮಾಡಿದ್ರೂ" ಎಂದಿತು ಯಾವುದೋ ದನಿ. ಆಮೇಲೆ ಶಾಲು ಬಂತು, ಹಾರ ಬಂತು, ಒಬ್ಬರು ಫೋನು ಹಿಡಿದು "ಸರ್, ಸ್ವಲ್ಪ ನಗ್ರಿ" ಎಂದರು. ಅವನು ನಕ್ಕ. ಶಾಲಿನ ಹೊಸ ಗಂಜಿ ಕುತ್ತಿಗೆಗೆ ಚುಚ್ಚುತ್ತಿತ್ತು.

ಎಲ್ಲರೂ ಚಹಾಕ್ಕೆಂದು ಹೊರಗೆ ಬೇವಿನ ಗಿಡದ ಕೆಳಗೆ ಹೋದರು. ಸಾಮಾನು ಕಟ್ಟಿಕೊಂಡು ಬರುತ್ತೇನೆ ಎಂದು ಅವನು ಒಳಗೇ ಉಳಿದ. ಬಾಗಿಲನ್ನು ಅರ್ಧ ದೂಡಿದ, ಮತ್ತೆ ಪೂರಾ ದೂಡಿದ. ಗೊತ್ತಿರುವುದನ್ನೇ ಮತ್ತೆ ನೋಡುವುದೇಕೆ ಎಂದು ಕೇಳಿಕೊಳ್ಳುತ್ತಲೇ ಸೀಸೆಯನ್ನು ಮುಚ್ಚಳದ ಮೇಲೆ ಬಗ್ಗಿಸಿದ. ರಬ್ಬರಿನ ಸುತ್ತ ನೀಲಿ ಬಳೆಯೊಂದು ಹತ್ತಿತು. ಎಷ್ಟು ಚಂದವಿತ್ತೆಂದರೆ ಅವನಿಗೆ ಅಳು ಬಂತು. ಬಂದದ್ದಕ್ಕೆ ತನ್ನ ಮೇಲೆ ಅಸಹ್ಯವೂ ಬಂತು. ಒಂದು, ಎರಡು, ಮೂರು. ಅದು ಆರಿದ ಮೇಲೂ ಅವನು ಕತ್ತಲೆಯಲ್ಲಿ ನಿಂತಿದ್ದ. ಬಾಗಿಲು ತೆರೆದು ಮುಚ್ಚಳವನ್ನು ಹೊರಗೆ ಒಯ್ಯಬಹುದಿತ್ತು. ಎಲ್ಲರೂ ಹತ್ತು ಹೆಜ್ಜೆ ದೂರದಲ್ಲಿದ್ದರು. ಬೇಕಾದರೆ ರಹೀಮಾಬಿಯನ್ನೂ ಕೂಗಬಹುದಿತ್ತು, ಆಕೆ ಇನ್ನೂ ಕೆರೆಯ ಏರಿ ದಾಟಿರಲಿಕ್ಕಿಲ್ಲ.

"ಸರ್, ಚಹಾ ಆರ್ತೈತಿ ಬರ್ರಿ" ಎಂದು ಸುಶೀಲವ್ವ ಬಾಗಿಲು ತಟ್ಟಿದಳು.

"ಬಂದೆ" ಎಂದ. ಮುಚ್ಚಳದಲ್ಲಿದ್ದದ್ದನ್ನು ಮೋರಿಗೆ ಚೆಲ್ಲಿದ. ಹೆಗಲ ಮೇಲಿದ್ದ ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ರಬ್ಬರಿನ ಸಂದಿಯನ್ನು ಒರೆಸಿದ, ಬಿಳಿ ಗೆರೆ ಪೂರಾ ಹೋಗುವವರೆಗೆ, ಸುತ್ತಲೂ, ಎರಡು ಸಲ, ಫೆಬ್ರುವರಿಯಲ್ಲಿ ತಾನೇ ಹನ್ನೊಂದು ಹೆಂಗಸರಿಗೆ ತೋರಿಸಿಕೊಟ್ಟ ಹಾಗೆ. ಬಾಗಿಲು ತೆರೆದು ಅದನ್ನು ಸುಶೀಲವ್ವನ ಕೈಗೆ ಕೊಟ್ಟ.

"ರಹೀಮಾಬಿ ಮರ್ತ ಹೋಗ್ಯಾಳ್ರಿ" ಎಂದ. "ಹೋಗೂವಾಗ ಕೊಟ್ಟಬಿಡ್ರಿ."